ನೋವಿನ ಮಾತ್ರೆಯ ಲೆಕ್ಕ

ತಲೆನೋವು, ಜ್ವರ, ತಿಂಗಳ ಹೊಟ್ಟೆನೋವು ಎಂದೊಡನೆ ವೈದ್ಯರ ಬಳಿಗೆ ಹೋಗುವವರು ನಮ್ಮ ಮಾರೇನಹಳ್ಳಿಯಲ್ಲಿ ವಿರಳ. ಬೀದಿಯ ಔಷಧದಂಗಡಿಯೇ ಮೊದಲ ವೈದ್ಯಶಾಲೆಯಾಗಿರುತ್ತದೆ. ಇದನ್ನು ನಾವು ಸರ್ವಥಾ ದೂಷಿಸುವುದಿಲ್ಲ. ಪ್ಯಾರಾಸಿಟಮಾಲ್ ಎಂಬ ಔಷಧವು ಮಿತಿಯಲ್ಲಿ ಸೇವಿಸಿದವರಿಗೆ ಬಹುಮಟ್ಟಿಗೆ ನಿರಪಾಯವಾದುದು. ಆದರೆ ಆ ಮಿತಿಯು ಅನೇಕ ವೇಳೆ ಅರಿಯದೆಯೇ ಮೀರಿಹೋಗುತ್ತದೆ.

ಕಾರಣವೇನೆಂದರೆ, ಒಂದೇ ಔಷಧವು ಹಲವು ಹೆಸರುಗಳಿಂದ ಮನೆಯನ್ನು ಸೇರುತ್ತದೆ. 2020-21ರ ಸಾಂಕ್ರಾಮಿಕದ ಕಾಲದಲ್ಲಿ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಸಂಸ್ಥೆಯ ಡೋಲೋ 650 ಎಂಬ ಹೆಸರು ಮಕ್ಕಳಿಗೂ ಬಾಯಿಪಾಠವಾಗಿದ್ದಿತು. ಅದು 650 ಮಿಲಿಗ್ರಾಂ ಪ್ಯಾರಾಸಿಟಮಾಲೇ ಹೊರತು ಬೇರೆಯಲ್ಲ. ಜ್ವರಕ್ಕೆಂದು ಇದನ್ನು ದಿನಕ್ಕೆ ಮೂರು ಸಲ ನುಂಗಿದರೆ 1950 ಮಿಲಿಗ್ರಾಂ ಆಯಿತು. ನೆಗಡಿಯ ಮಾತ್ರೆಯಲ್ಲಿ 500 ಇದ್ದು, ಅದೂ ಮೂರು ಸಲವಾದರೆ 1500. ಹೊಟ್ಟೆನೋವಿಗೆ ಕೊಡುವ ಮಿಶ್ರ ಮಾತ್ರೆಯೊಂದರಲ್ಲಿ 325 ಇದ್ದರೆ, ಮೂರಕ್ಕೆ 975. ಒಟ್ಟು 4425! ವಯಸ್ಕರಿಗೇ ದಿನವೊಂದಕ್ಕೆ 4000 ಮೀರಕೂಡದು. ಕೃಶಾಂಗಿಯರಾದ ಬಾಲಿಕೆಯರಿಗೆ ಮಿತಿಯು ಇನ್ನೂ ಕಡಿಮೆ. ಇದು ನಾಲ್ಕನೆಯ ತರಗತಿಯ ಸಂಕಲನವಷ್ಟೆ; ಆದರೆ ಮಾಡುವವರು ಯಾರು?

ಮಿತಿಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಮೊದಲ ದಿನ ಓಕರಿಕೆಗಿಂತ ಹೆಚ್ಚಿನ ಲಕ್ಷಣವೇನೂ ತೋರದಿರಬಹುದು. ಆದುದರಿಂದಲೇ ಅದು ಮೋಸದ್ದು. ಒಮ್ಮೆಗೇ ಬಹಳ ನುಂಗಿದವರಿಗೆ ಪ್ರತ್ಯೌಷಧವುಂಟು, ಆದರೆ 8 ಗಂಟೆಗಳೊಳಗೆ ಕೊಟ್ಟಲ್ಲಿ ಅದು ಅತ್ಯುತ್ತಮವಾಗಿ ಫಲಿಸುತ್ತದೆ. ಲಕ್ಷಣವನ್ನು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಐಬುಪ್ರೊಫೇನ್, ಮೆಫೆನಾಮಿಕ್ ಆಮ್ಲ, ಆಸ್ಪಿರಿನ್ ಇವು ಬೇರೆ ಜಾತಿಯವು. ಬರಿಹೊಟ್ಟೆಯಲ್ಲಿ ನುಂಗಿದರೆ ಜಠರವನ್ನು ಉರಿಸುತ್ತವೆ. ಪದೇಪದೇ ಸೇವಿಸಿದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಲೂಬಹುದು, ಮೂತ್ರಪಿಂಡಕ್ಕೂ ಹಾನಿ. ಮಳೆಗಾಲದ ಜ್ವರವು ಡೆಂಗಿಯಾಗಿರಬಹುದಾದ್ದರಿಂದ ಆಗ ಇವುಗಳನ್ನು ಮುಟ್ಟಲೇಕೂಡದು. ಪರೀಕ್ಷೆಯ ದಿನ ಗೆಳತಿಯ ಪೆಟ್ಟಿಗೆಯಿಂದ ಮಾತ್ರೆ ಪಡೆದು, ಉಪಾಹಾರವಿಲ್ಲದೆ ನುಂಗುವ ಬಾಲಿಕೆಯರನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ.

ಮೆಫೆನಾಮಿಕ್ ಆಮ್ಲದ ವಿಷಯದಲ್ಲಿ ಭಾರತೀಯ ಫಾರ್ಮಾಕೋಪಿಯಾ ಆಯೋಗವು 2023ರ ನವೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಲ್ಲಿ ಮೈಮೇಲೆ ದದ್ದು, ಜ್ವರ, ಗ್ರಂಥಿಗಳ ಬಾವು ಕಾಣಿಸಿಕೊಂಡು ಒಳ ಅಂಗಗಳಿಗೂ ಬಾಧೆ ತಟ್ಟುತ್ತದೆ. ಇದು ತೋರುವುದು ಸೇವನೆ ಆರಂಭಿಸಿದ 2ರಿಂದ 8 ವಾರಗಳಲ್ಲಿ. ಅಷ್ಟರೊಳಗೆ ಮಾತ್ರೆಯ ಹೆಸರೇ ಮರೆತಿರುತ್ತದೆ. ಹೆಸರಿಲ್ಲದೆ ವೈದ್ಯರು ಏನು ಮಾಡಿಯಾರು? ಅಂಗಡಿಯವರು ನಾಲ್ಕೇ ಮಾತ್ರೆ ಕತ್ತರಿಸಿಕೊಡುವಾಗ ಹೆಸರೂ ಅವಧಿಯೂ ಅಚ್ಚಾದ ತುಂಡು ಅವರಲ್ಲಿಯೇ ಉಳಿಯುವುದುಂಟು. ಅವೆರಡನ್ನೂ ಕಾಗದದ ಚೀಲದ ಮೇಲೆ ಬರೆಸಿಕೊಳ್ಳುವುದಕ್ಕೆ ಒಂದು ನಿಮಿಷವೂ ಹಿಡಿಯದು.