ಲೇಸರ್-ಪ್ಲಾಸ್ಮಾ ಪ್ರಯೋಗಗಳಲ್ಲಿ ಗಣಕದ ಸಾಕ್ಷ್ಯ

ಕಣ್ಣಿಗೆ ಕಾಣದ ಸಂಗತಿಯನ್ನು ಯಾವ ಆಧಾರದ ಮೇಲೆ ನಂಬಬೇಕೆಂಬುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಚಿರಪರಿಚಿತವಾದ ಪ್ರಶ್ನೆ. ಶಾಸನದ ಮಾತನ್ನೂ ನಾವು ಬೇರೆ ಆಧಾರಗಳೊಡನೆ ಒರೆಗೆ ಹಚ್ಚಿಯೇ ಸ್ವೀಕರಿಸುತ್ತೇವೆ. ಇದೇ ಪ್ರಶ್ನೆ ಭೌತವಿಜ್ಞಾನದಲ್ಲಿ ಹೇಗೆ ಎದ್ದಿತೆಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಲಿವರ್‌ಮೋರ್ ಪ್ರಯೋಗಾಲಯದ ಚರಿತ್ರೆಯಿಂದ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಮೊದಲು ಪ್ರಯೋಗದ ಸ್ವರೂಪವನ್ನು ನೋಡೋಣ. ಜಲಜನಕದ ಭಾರವಾದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳ ಬೀಜಗಳು ಒಂದುಗೂಡಿದಾಗ ಅಪಾರವಾದ ಶಕ್ತಿ ಹೊಮ್ಮುತ್ತದೆ. ಸುಮಾರು 2 ಮಿಲಿಮೀಟರ್ ವ್ಯಾಸದ ಗುಳಿಗೆಯಲ್ಲಿ ಈ ಇಂಧನವನ್ನಿರಿಸಿ, ಗುಳಿಗೆಯನ್ನು ಚಿಕ್ಕ ಲೋಹದ ಕೊಳವೆಯೊಳಗೆ ನಿಲ್ಲಿಸಿ, ಕೊಳವೆಯ ಒಳಗೋಡೆಗೆ ಲೇಸರ್ ಕಿರಣಗಳನ್ನು ಹಾಯಿಸುತ್ತಾರೆ. ಅಲ್ಲಿ ಹುಟ್ಟಿದ ಕ್ಷ-ಕಿರಣಗಳು ಗುಳಿಗೆಯ ಹೊರಪದರವನ್ನು ಸಿಡಿಸುತ್ತವೆ. ಅದರ ಪ್ರತಿಕ್ರಿಯೆಯಿಂದ ಉಳಿದ ಭಾಗವು ಒಳಮುಖವಾಗಿ ಕುಸಿದು, ಇಂಧನವು ಅತ್ಯುಷ್ಣವೂ ಅತಿಸಾಂದ್ರವೂ ಆದ ಪ್ಲಾಸ್ಮಾ ಆಗುತ್ತದೆ. ಇದೆಲ್ಲವೂ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲುಗಳಷ್ಟು ಕಾಲದಲ್ಲಿ ಮುಗಿಯುವುದರಿಂದ, ಉಪಕರಣಗಳಿಗೆ ದೊರೆಯುವ ಕುರುಹುಗಳು ಅಲ್ಪ.

ಈ ಕೊರತೆಯನ್ನು ಗಣಕವು ತುಂಬಬೇಕಾಗುತ್ತದೆ. ಗುಳಿಗೆಯನ್ನು ಅಸಂಖ್ಯ ಕೋಶಗಳಾಗಿ ವಿಭಾಗಿಸಿ, ಪ್ರತಿಯೊಂದರ ಸಾಂದ್ರತೆ, ಉಷ್ಣತೆ, ವೇಗಗಳನ್ನು ಭೌತನಿಯಮಗಳಿಗನುಸಾರವಾಗಿ ಹಂತಹಂತವಾಗಿ ಲೆಕ್ಕ ಹಾಕುತ್ತಾರೆ. ಆದರೆ ಕೋಶಕ್ಕಿಂತ ಸೂಕ್ಷ್ಮವಾದುದು ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅಂತಹ ಕಡೆ ಊಹೆಯನ್ನು ಆಶ್ರಯಿಸಬೇಕಾಗುತ್ತದೆ. ಗಣನೆಯ ದೌರ್ಬಲ್ಯವಿರುವುದು ಇಲ್ಲಿಯೇ.

1972ರಲ್ಲಿ ಜಾನ್ ನಕ್ಕೋಲ್ಸ್ ಮತ್ತು ಸಂಗಡಿಗರು ಇಂತಹ ಗಣನೆಗಳ ಬಲದಿಂದ ಒಂದು ಲೇಖನವನ್ನು ಪ್ರಕಟಿಸಿ, ಸುಮಾರು 1,000 ಜೌಲ್ ಲೇಸರ್ ಶಕ್ತಿಯಿಂದ ಅಷ್ಟೇ ಸಮ್ಮಿಲನಶಕ್ತಿಯನ್ನು ಪಡೆಯಬಹುದೆಂದು ಸೂಚಿಸಿದರು. ಅವರಲ್ಲೊಬ್ಬರಾದ ಜಾರ್ಜ್ ಜಿಮ್ಮರ್‌ಮನ್ ರಚಿಸಿದ 'ಲಾಸ್ನೆಕ್ಸ್' ಎಂಬ ಗಣಕಕ್ರಮವು ಮುಂದಿನ ದಶಕಗಳ ಸಂಶೋಧನೆಗೆ ಆಧಾರವಾಯಿತು. 1977ರಲ್ಲಿ 20 ಕಿರಣಗಳ ಯಂತ್ರವೊಂದು ಸಿದ್ಧವಾಯಿತು. ಬಹುಭುಜನಾದ ನಮ್ಮ ಶಿವನ ಹೆಸರನ್ನೇ ಅದಕ್ಕಿಟ್ಟಿದ್ದರು. ಅದರ ಅವಕೆಂಪು ಕಿರಣಗಳು ಪ್ಲಾಸ್ಮಾದಲ್ಲಿ ಅತಿವೇಗದ ಇಲೆಕ್ಟ್ರಾನುಗಳನ್ನು ಹುಟ್ಟಿಸಿ, ಇಂಧನವು ಕುಗ್ಗುವ ಮುನ್ನವೇ ಅದನ್ನು ಕಾಯಿಸುತ್ತವೆಂಬುದು ಪ್ರಯೋಗದಿಂದ ಸ್ಪಷ್ಟವಾಯಿತು. ಆದುದರಿಂದ ಮುಂದಿನ ಯಂತ್ರಗಳಲ್ಲಿ ನೇರಿಳಾತೀತ ಕಿರಣಗಳನ್ನು ಬಳಸಿದರು.

2009ರಲ್ಲಿ 192 ಕಿರಣಗಳ 'ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ' ಪೂರ್ಣಗೊಂಡಿತು. 2012ರವರೆಗೆ ನಡೆದ ಪ್ರಯತ್ನದಲ್ಲಿ ಗಣಕವು ನಿರೀಕ್ಷಿಸಿದ್ದ ಜ್ವಲನ ಉಂಟಾಗಲಿಲ್ಲ. ಕಾರಣಗಳನ್ನು ಶೋಧಿಸಿದಾಗ ಅತಿಸಣ್ಣ ಸಂಗತಿಗಳು ಹೊರಬಿದ್ದವು. ಗುಳಿಗೆಯನ್ನು ಹಿಡಿದು ನಿಲ್ಲಿಸಿದ್ದ, ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಪೊರೆಯೂ ಕುಸಿತದ ಸಮರೂಪತೆಯನ್ನು ಕೆಡಿಸುತ್ತಿತ್ತು. ಗಣನೆಯಲ್ಲಿ ಅದಕ್ಕೆ ತಕ್ಕ ಮಹತ್ತ್ವ ದೊರೆತಿರಲಿಲ್ಲ.

ಅನಂತರ ಪ್ರಯೋಗಗಳು ಗಣನೆಯನ್ನು ತಿದ್ದಿದವು. ತಿದ್ದಿದ ಗಣನೆ ಹೊಸ ಪ್ರಯೋಗಗಳನ್ನು ರೂಪಿಸಿತು. 2022ರ ಡಿಸೆಂಬರ್ 5ರಂದು ಗುರಿಗೆ ಹಾಯಿಸಿದ 2.05 ಮೆಗಾಜೌಲ್ ಶಕ್ತಿಗೆ ಪ್ರತಿಯಾಗಿ 3.15 ಮೆಗಾಜೌಲ್ ದೊರೆಯಿತು. ಹಿಂದಿನ ಪ್ರಯೋಗಗಳ ಫಲಿತಾಂಶಗಳನ್ನೂ ಗಣನೆಗಳನ್ನೂ ಬೆಸೆದ ಒಂದು ಮಾದರಿಯು ಜ್ವಲನದ ಸಂಭವವನ್ನು ಶೇಕಡಾ 70ಕ್ಕೂ ಹೆಚ್ಚೆಂದು ಮುಂಚಿತವಾಗಿಯೇ ಅಂದಾಜು ಮಾಡಿತ್ತು. ಆದರೂ ಲೇಸರನ್ನು ನಡೆಸಲು ವಿದ್ಯುಜ್ಜಾಲದಿಂದ ಪಡೆದ ಶಕ್ತಿ ಸುಮಾರು 300 ಮೆಗಾಜೌಲ್ ಎಂಬುದನ್ನು ಮರೆಯಲಾಗದು.

ಈ ವಿಚಾರ ಪ್ರಯೋಗಾಲಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 1992ರಲ್ಲಿ ಅಮೆರಿಕವು ಪರಮಾಣು ಆಸ್ತ್ರಗಳ ಸ್ಫೋಟಪರೀಕ್ಷೆಯನ್ನು ನಿಲ್ಲಿಸಿದ ಮೇಲೆ, ತನ್ನ ಅಸ್ತ್ರಗಳ ಸ್ಥಿತಿಯನ್ನು ಬಹುಮಟ್ಟಿಗೆ ಗಣನೆಯಿಂದಲೇ ನಿರ್ಣಯಿಸುತ್ತಿದೆ. ಆ ಗಣನೆಯನ್ನು ಒರೆಗೆ ಹಚ್ಚುವುದೇ ಈ ಯಂತ್ರದ ಮುಖ್ಯೋದ್ದೇಶಗಳಲ್ಲಿ ಒಂದು. ಗಣಕದ ಮಾತು ತಪ್ಪಾದರೆ ಹೊಸದಾಗಿ ಸ್ಫೋಟಪರೀಕ್ಷೆ ನಡೆಸಬೇಕೆಂಬ ಒತ್ತಾಯ ಬಲಗೊಳ್ಳಬಹುದು. ಅದು ನಂಬಲರ್ಹವಾಗಿರುವಷ್ಟು ಕಾಲ ಆ ಒತ್ತಾಯಕ್ಕೆ ಆಧಾರವಿರದು. ಆದುದರಿಂದ 2012ರ ವೈಫಲ್ಯದ ದಾಖಲೆಗಳನ್ನು 2022ರ ಯಶಸ್ಸಿನ ದಾಖಲೆಗಳಷ್ಟೇ ಜಾಗರೂಕತೆಯಿಂದ ಕಾಪಾಡಬೇಕೆಂಬುದು ನಮ್ಮ ಅಭಿಪ್ರಾಯ.