ಆಟದ ಗಣಕಯಂತ್ರ: ಅಂಗಗಳ ಆಯ್ಕೆಯಲ್ಲಿ ಔಚಿತ್ಯ

ಗಣಕಯಂತ್ರವನ್ನು ಸಿದ್ಧರೂಪದಲ್ಲಿ ಕೊಂಡು ತರುವುದು ಒಂದು ಬಗೆ. ಅದರ ಅಂಗಗಳನ್ನು ಬೇರೆಬೇರೆಯಾಗಿ ಆರಿಸಿ ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವುದು ಇನ್ನೊಂದು ಬಗೆ. ವಿಡಿಯೋ ಆಟಗಳಲ್ಲಿ ಆಸಕ್ತರಾದ ತರುಣರು ಈ ಎರಡನೆಯ ಮಾರ್ಗವನ್ನು ಹಿಡಿಯುವುದುಂಟು. ಇದನ್ನು ಕೇವಲ ಕಾಲಹರಣದ ಹವ್ಯಾಸವೆಂದು ಹಿರಿಯರು ಬದಿಗೆ ಸರಿಸುವುದೂ ಉಂಟು. ಆದರೆ ಮನೆಯವರು ಕೂಡಿಟ್ಟ ಹಣದಲ್ಲಿ ಗಣನೀಯವಾದ ಪಾಲು ಇದಕ್ಕೆ ವ್ಯಯವಾಗುವುದರಿಂದಲೂ, ಆಟಕ್ಕೆಂದು ಕೊಂಡ ಯಂತ್ರವೇ ಪ್ರೋಗ್ರಾಂ ಬರೆಯುವ, ಚಲನಚಿತ್ರವನ್ನು ಸಂಕಲಿಸುವ ಅಭ್ಯಾಸಕ್ಕೂ ಸಾಧನವಾಗುವುದರಿಂದಲೂ, ಈ ಆಯ್ಕೆಯ ಕ್ರಮವನ್ನು ಹಿರಿಯರೂ ಅರಿತಿರುವುದು ಅವಶ್ಯಕ.

ಬೇರೆಬೇರೆ ಕಂಪನಿಗಳ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ ಕೂಡುವುದು ಹೇಗೆ ಸಾಧ್ಯವಾಯಿತೆಂಬುದನ್ನು ಮೊದಲು ತಿಳಿಯಬೇಕು. ೧೯೮೧ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ವೈಯಕ್ತಿಕ ಗಣಕವನ್ನು ಹೊರತಂದಾಗ ಅದರ ತಾಂತ್ರಿಕ ವಿವರಗಳನ್ನೂ ಪ್ರಕಟಿಸಿ, ಅನ್ಯರು ತಯಾರಿಸಿದ ಭಾಗಗಳಿಗೆ ಎಡೆಗೊಟ್ಟಿತು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಮಾನಕವನ್ನು ನಿರೂಪಿಸಿ, ಮದರ್‌ಬೋರ್ಡಿನ ಅಳತೆ, ಮೊಳೆಗಳ ಸ್ಥಾನ, ವಿದ್ಯುತ್ ಜೋಡಣೆಗಳನ್ನು ನಿಯತಗೊಳಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕೊಂಡ ಬೋರ್ಡು ಮತ್ತೊಂದು ಅಂಗಡಿಯ ಕ್ಯಾಬಿನೆಟ್ಟಿನಲ್ಲಿ ಸರಿಯಾಗಿ ಕೂರುವುದಕ್ಕೆ ಇದೇ ಕಾರಣ.

ಆದರೆ ಕೂಡುವುದೇ ಬೇರೆ, ಹೊಂದುವುದೇ ಬೇರೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕನಾದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ಪ್ರತಿಪಾದಿಸಿದನು. ಆ ಮಾತು ಇಲ್ಲಿಗೂ ಸಲ್ಲುತ್ತದೆ. ಪ್ರತಿಯೊಂದು ಅಂಗವೂ ತನ್ನಷ್ಟಕ್ಕೆ ಶ್ರೇಷ್ಠವಾಗಿದ್ದರೆ ಸಾಲದು. ಉಳಿದ ಅಂಗಗಳಿಗೆ ತಕ್ಕುದಾಗಿರಬೇಕು. ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದು ಬಲಿಷ್ಠವಾಗಿ ಇನ್ನೊಂದು ಬಡಕಲಾಗಿದ್ದರೆ ಬಂಡಿ ಸಾಗುವುದು ಬಡಕಲು ಎತ್ತಿನ ವೇಗದಲ್ಲಿಯೇ. ಬಲಿಷ್ಠವಾದುದಕ್ಕೆ ತೆತ್ತ ಹೆಚ್ಚಿನ ಬೆಲೆ ವ್ಯರ್ಥ.

ಆದುದರಿಂದ ಆಯ್ಕೆಯು ಮಾನಿಟರಿನಿಂದ ಆರಂಭವಾಗತಕ್ಕುದು. ಅನೇಕರು ಇದನ್ನು ಕೊನೆಗೆ ಉಳಿದ ಹಣದಲ್ಲಿ ಕೊಳ್ಳುತ್ತಾರೆ. ಇದು ವಿಪರೀತ ಕ್ರಮ. ೧೯೨೦ × ೧೦೮೦ ಬಿಂದುಗಳ ಪರದೆಯಲ್ಲಿ ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ೩೮೪೦ × ೨೧೬೦ರ ಪರದೆಯಲ್ಲಿ ಅವು ೮೨,೯೪,೪೦೦, ಅಂದರೆ ಸರಿಯಾಗಿ ನಾಲ್ಕು ಪಟ್ಟು. ಪರದೆಯು ಸೆಕೆಂಡಿಗೆ ೬೦ ಬಾರಿ ನವೀಕರಣಗೊಳ್ಳುವುದಾದರೆ ಒಂದೊಂದು ಚಿತ್ರವನ್ನು ರಚಿಸಲು ಯಂತ್ರಕ್ಕೆ ಸುಮಾರು ೧೬.೭ ಮಿಲಿಸೆಕೆಂಡುಗಳ ಅವಕಾಶವಿರುತ್ತದೆ. ೧೪೪ ಬಾರಿಯಾದರೆ ಸುಮಾರು ೭ ಮಿಲಿಸೆಕೆಂಡು ಮಾತ್ರ. ಯಂತ್ರವು ಹೊರಬೇಕಾದ ಭಾರವೆಷ್ಟೆಂಬುದು ಇಲ್ಲಿಯೇ ನಿರ್ಣಯವಾಗುತ್ತದೆ. ಪ್ರಥಮ ಬಾರಿಗೆ ಜೋಡಿಸುವವರಿಗೆ ಮೊದಲನೆಯ ಅಳತೆಯ ಪರದೆಯೇ ಯುಕ್ತ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಅನಂತರ ಬರುವುದು ಗ್ರಾಫಿಕ್ಸ್ ಕಾರ್ಡ್. ಆಟದ ದೃಶ್ಯಗಳನ್ನು ಬಿಂದುಬಿಂದುವಾಗಿ ಬಣ್ಣಗೂಡಿಸುವ ಕಾರ್ಯ ಇದರದು. ಮಾನಿಟರಿನ ಬೆಲೆಯನ್ನು ಬಿಟ್ಟು ಉಳಿದ ಹಣದಲ್ಲಿ ಮೂರನೆಯ ಒಂದು ಪಾಲನ್ನು, ಅಥವಾ ಅದಕ್ಕಿಂತ ತುಸು ಹೆಚ್ಚನ್ನು, ಇದಕ್ಕೆ ಮೀಸಲಿಡುವುದು ರೂಢಿ. ಉದಾಹರಣೆಗೆ, ೨೦೨೩ರಲ್ಲಿ ಹೊರಬಂದ ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ ೪೦೬೦ ಎಂಬ ಕಾರ್ಡಿಗೆ ೮ ಗಿಗಾಬೈಟ್ ಸ್ವಂತ ಸ್ಮೃತಿಯಿದ್ದು, ಅದು ೧೧೫ ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಮೇಲೆ ಹೇಳಿದ ಸಾಧಾರಣ ಪರದೆಗೆಂದೇ ರೂಪಿತವಾದುದು ಅದು.

ಗ್ರಾಫಿಕ್ಸ್ ಕಾರ್ಡ್ ಚಿತ್ರಕಾರನಾದರೆ ಪ್ರೊಸೆಸರ್ ಸೂತ್ರಧಾರ. ಆಟದ ನಿಯಮ, ಪಾತ್ರಗಳ ಚಲನೆ, ಸಂಭವಿಸಬೇಕಾದ ಘಟನೆಗಳ ಲೆಕ್ಕ ಇವೆಲ್ಲ ಪ್ರೊಸೆಸರಿನ ಹೊಣೆ. ಮೇಲಿನ ಕಾರ್ಡಿಗೆ ೨೦೨೨ರಲ್ಲಿ ಬಂದ ಎಎಂಡಿ ಸಂಸ್ಥೆಯ ರೈಜೆನ್ ೫ ೫೬೦೦ರಂತಹ ಆರು ಕೋರುಗಳ ಪ್ರೊಸೆಸರ್ ಸಮಬಲವಾದ ಜೊತೆ. ಅದಕ್ಕಿಂತ ದುಬಾರಿಯಾದುದನ್ನು ತಂದು, ಆ ವೆಚ್ಚವನ್ನು ತುಂಬಲು ಕಾರ್ಡನ್ನು ಕೆಳದರ್ಜೆಗೆ ಇಳಿಸುವುದು ಅವಿವೇಕ. ಈ ಪ್ರೊಸೆಸರಿನಲ್ಲಿ ಚಿತ್ರವನ್ನು ತೋರಿಸುವ ಸ್ವಂತ ಶಕ್ತಿಯಿಲ್ಲ. ಮಾನಿಟರಿನ ಕೇಬಲನ್ನು ಬೋರ್ಡಿಗೆ ಚುಚ್ಚಿ, ಪರದೆ ಕಪ್ಪಾಗಿರುವುದನ್ನು ಕಂಡು ಗಾಬರಿಯಾಗುವವರುಂಟು. ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಜೋಡಿಸಬೇಕು.

ಮದರ್‌ಬೋರ್ಡು ಪ್ರೊಸೆಸರನ್ನು ಅನುಸರಿಸುತ್ತದೆ. ಮೇಲ್ಕಂಡ ಪ್ರೊಸೆಸರ್ ೨೦೧೬ರಲ್ಲಿ ಬಂದ ಎಎಂ೪ ಎಂಬ ಸಾಕೆಟ್ಟಿಗೆ ಸೇರಿದುದು. ೨೦೨೨ರಲ್ಲಿ ಬಂದ ಎಎಂ೫ ಸಾಕೆಟ್ಟಿಗೆ ಅದು ಕೂರದು. ರ‍್ಯಾಮ್‌ನ ವಿಷಯವೂ ಹೀಗೆಯೇ. ಡಿಡಿಆರ್೪ ಮತ್ತು ಡಿಡಿಆರ್೫ ಎಂಬ ಎರಡು ಬಗೆಗಳಿಗೂ ೨೮೮ ಪಿನ್ನುಗಳಿದ್ದರೂ ನಡುವಿನ ಕಚ್ಚು ಬೇರೆ ಸ್ಥಾನದಲ್ಲಿರುವುದರಿಂದ ಒಂದರ ಎಡೆಯಲ್ಲಿ ಇನ್ನೊಂದು ನಿಲ್ಲದು. ೧೬ ಗಿಗಾಬೈಟ್ ಬೇಕಾದಲ್ಲಿ ಒಂದೇ ಪಟ್ಟಿಯ ಬದಲು ೮ ಗಿಗಾಬೈಟಿನ ಎರಡು ಪಟ್ಟಿಗಳನ್ನು ಕೊಳ್ಳುವುದು ಮೇಲು. ಆಗ ಮಾಹಿತಿಯು ಎರಡು ಹಾದಿಗಳಲ್ಲಿ ಏಕಕಾಲಕ್ಕೆ ಹರಿಯುತ್ತದೆ. ಸಂಗ್ರಹಕ್ಕೆ ಹಳೆಯ ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿ ಪ್ರಶಸ್ತವಾದುದು. ಆಟವು ತೆರೆದುಕೊಳ್ಳುವ ಕಾಲ ಬಹಳ ಮಟ್ಟಿಗೆ ತಗ್ಗುತ್ತದೆ.

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗುವ ಅಂಗವೆಂದರೆ ಎಸ್‌ಎಂಪಿಎಸ್. ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ಯಂತ್ರಕ್ಕೆ ಒಗ್ಗುವ ೧೨ ವೋಲ್ಟ್ ಮುಂತಾದ ಅಲ್ಪಪ್ರಮಾಣಗಳಿಗೆ ಇಳಿಸಿ ಹಂಚುವುದು ಇದರ ಕಾರ್ಯ. ಆಟದ ವೇಗವನ್ನು ಇದು ಹೆಚ್ಚಿಸದು. ಆದುದರಿಂದಲೇ ಹಣ ಉಳಿಸುವ ಕತ್ತರಿ ಮೊದಲು ಇದರ ಮೇಲೆಯೇ ಬೀಳುತ್ತದೆ. ಆದರೆ ಇತರ ಎಲ್ಲ ಅಂಗಗಳ ಉಸಿರೂ ಇದರ ವಶದಲ್ಲಿದೆ. ಕಳಪೆಯಾದುದು ಕೆಟ್ಟಾಗ ತಾನೊಂದೇ ಕೆಡದೆ, ಬೆಲೆಬಾಳುವ ಇತರ ಭಾಗಗಳನ್ನೂ ಸುಟ್ಟುಹಾಕಬಹುದು. ಮೇಲೆ ಹೇಳಿದ ಕಾರ್ಡು ಮತ್ತು ಪ್ರೊಸೆಸರ್ ಎರಡೂ ಕೂಡಿ ೨೦೦ ವ್ಯಾಟನ್ನು ಮೀರದಿದ್ದರೂ, ಕ್ಷಣಿಕ ಏರಿಳಿತಗಳನ್ನೂ ಉಳಿದ ಭಾಗಗಳನ್ನೂ ಲೆಕ್ಕಕ್ಕೆ ಹಿಡಿದು ಕಾರ್ಡಿನ ತಯಾರಕರು ೫೫೦ ವ್ಯಾಟಿನ ಎಸ್‌ಎಂಪಿಎಸ್ ಇರಬೇಕೆನ್ನುತ್ತಾರೆ. ೨೦೦೪ರಲ್ಲಿ ಮೊದಲಾದ ‘೮೦ ಪ್ಲಸ್’ ಮುದ್ರೆಯು ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆಂಬುದನ್ನು ಮಾತ್ರ ಸೂಚಿಸುತ್ತದೆ. ಅತಿಭಾರದಿಂದಲೂ ಶಾರ್ಟ್ ಸರ್ಕ್ಯೂಟಿನಿಂದಲೂ ರಕ್ಷಣೆಯುಂಟೇ, ವಾರಂಟಿ ಎಷ್ಟು ವರ್ಷ ಎಂಬುದನ್ನು ಪ್ರತ್ಯೇಕವಾಗಿಯೇ ವಿಚಾರಿಸಬೇಕು. ಮನೆಯ ಅರ್ಥಿಂಗ್ ಸರಿಯಾಗಿರುವುದು, ವಿದ್ಯುತ್ತು ಪದೇ ಪದೇ ಹೋಗುವ ಊರುಗಳಲ್ಲಿ ತಕ್ಕ ಯುಪಿಎಸ್ ಇರುವುದು, ಇವೂ ಈ ಅಂಗದ ಪರಿವಾರವೆಂದೇ ತಿಳಿಯತಕ್ಕುದು.

ಕ್ಯಾಬಿನೆಟ್ಟಿನಲ್ಲಿ ಬಣ್ಣದ ದೀಪಗಳಿಗಿಂತ ಗಾಳಿಯ ಸಂಚಾರ ಮುಖ್ಯ. ಮುಂಭಾಗದ ಜಾಲರಿಯಿಂದ ತಂಪು ಗಾಳಿ ಒಳಬಂದು, ಹಿಂಭಾಗದಿಂದಲೂ ಮೇಲ್ಭಾಗದಿಂದಲೂ ಬಿಸಿ ಗಾಳಿ ಹೊರಹೋಗಬೇಕು. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ತಾಪ ೪೦ ಡಿಗ್ರಿಯನ್ನು ಮೀರುವುದುಂಟು. ಕೋಣೆಯ ಗಾಳಿಗಿಂತ ತಂಪಾಗಿರುವುದು ಯಾವ ಪಂಖಕ್ಕೂ ಸಾಧ್ಯವಿಲ್ಲದ ಕಾರಣ ಅಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು.

ಅಂಗಡಿಗೆ ಹೋಗುವ ಮುನ್ನವೇ ಪಟ್ಟಿಯನ್ನು ಬರೆದು, ಪ್ರತಿಯೊಂದು ಅಂಗದ ಮುಂದೆ ಅದನ್ನೇ ಏಕೆ ಆರಿಸಿದುದೆಂಬ ಕಾರಣವನ್ನು ಒಂದು ಸಾಲಿನಲ್ಲಿ ನಮೂದಿಸುವ ಅಭ್ಯಾಸ ಹಿತಕರ. ಕಾರಣವನ್ನು ಬರೆಯಲಾಗದ ಕಡೆ ಆಯ್ಕೆಯೂ ಅಪಕ್ವವೆಂದೇ ಅರ್ಥ. ತಂದೆತಾಯಿಗಳೂ ಉಪಾಧ್ಯಾಯರೂ ಈ ಪಟ್ಟಿಯನ್ನು ಕೇಳಿ ನೋಡಿದಲ್ಲಿ, ಹುಡುಗನು ಬಯಸಿದುದು ಆಟಿಕೆಯೋ ವಿದ್ಯೆಯೋ ಎಂಬುದು ತಾನೇ ವಿಶದವಾಗುತ್ತದೆ. ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವಾಗಿ ನೀಡುವ ಉದಾರಿಗಳಿಗೂ ಇದೇ ಅಳತೆಗೋಲು. ಪ್ರೊಸೆಸರಿನ ದೊಡ್ಡ ಹೆಸರನ್ನು ಮಾತ್ರ ನೋಡಿ ಕೊಟ್ಟ ಯಂತ್ರವು ಕಳಪೆ ಎಸ್‌ಎಂಪಿಎಸ್ಸಿನಿಂದಾಗಿ ಅಲ್ಪಕಾಲದಲ್ಲಿಯೇ ಮೂಲೆ ಸೇರಬಹುದು. ಹೆಸರು ಚಿಕ್ಕದಾದರೂ ಅಂಗಗಳು ಪರಸ್ಪರ ಹೊಂದಿದ ಯಂತ್ರದ ಮುಂದೆ ಹಲವು ವರ್ಷಗಳ ಮಕ್ಕಳು ಕುಳಿತು ಕಲಿಯುವರು.