ಕಲ್ಕತ್ತೆಯ ಚೀನೀ ಕೇರಿ

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ನಮ್ಮ ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆ ಚೀನದ ಕಲ್ಲುಸಕ್ಕರೆಗೆ ಸಮನಾದುದೆಂದು ಮೆಚ್ಚಿ ಬರೆದಿದ್ದಾನೆ. ಆ ಕಾಲಕ್ಕೆ ಸಕ್ಕರೆಯ ಗುಣಕ್ಕೆ ಚೀನವೇ ಅಳತೆಗೋಲು. ಹಿಂದಿಯವರು ಇಂದಿಗೂ ಸಕ್ಕರೆಯನ್ನು ‘ಚೀನಿ’ ಎಂದೇ ಕರೆಯುತ್ತಾರೆ; ಕಾಳಿದಾಸನಲ್ಲಿ ರೇಷ್ಮೆಗೆ ‘ಚೀನಾಂಶುಕ’ವೆಂಬ ಹೆಸರು. ಈ ಪದಗಳನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದ ನಾನು, ಚೀನೀ ಜನರನ್ನು ಅವರದೇ ಕೇರಿಯಲ್ಲಿ ಕಂಡದ್ದು ನಿವೃತ್ತನಾದ ಮೇಲೆ, ಮಗಳ ಮನೆಗೆಂದು ಕಲ್ಕತ್ತೆಗೆ ಹೋದಾಗ.

ಆ ಕೇರಿಯ ಕಥೆಯೂ ಸಕ್ಕರೆಯಿಂದಲೇ ಮೊದಲಾಗುತ್ತದೆ. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದ ದಿನಗಳಲ್ಲಿ ಅಛು ಎಂಬ ಚೀನೀ ವರ್ತಕನೊಬ್ಬ, ಬಜ್‌ಬಜ್ ಬಳಿ ಹೂಗ್ಲಿ ನದಿಯ ದಡದಲ್ಲಿ ಜಮೀನು ಪಡೆದು ಕಬ್ಬಿನ ತೋಟವನ್ನೂ ಸಕ್ಕರೆಯ ಕಾರ್ಖಾನೆಯನ್ನೂ ಹೂಡಿದ. ತನ್ನ ದೇಶದಿಂದ ಆಳುಗಳನ್ನು ಕರೆಸಿದ. ಅವನು ಹೆಚ್ಚು ಕಾಲ ಬಾಳಲಿಲ್ಲ, ಕಾರ್ಖಾನೆಯೂ ಉಳಿಯಲಿಲ್ಲ. ಊರಿಗೆ ಮಾತ್ರ ಅಛಿಪುರವೆಂಬ ಹೆಸರು ನಿಂತಿತು. ಹೊಸವರ್ಷದ ದಿನಗಳಲ್ಲಿ ಕಲ್ಕತ್ತೆಯ ಚೀನೀ ಕುಟುಂಬಗಳು ಈಗಲೂ ಅವನ ಸಮಾಧಿಗೆ ಹೋಗಿ ಕೈಮುಗಿದು ಬರುತ್ತವೆ.

ನಗರದೊಳಗಿನ ಹಳೆಯ ಕೇರಿ ಟಿರೆಟ್ಟಾ ಬಜಾರ್. ಹೆಸರು ಒಬ್ಬ ಇಟಲಿಯವನದು, ನೆಲೆ ಚೀನೀಯರದು! ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೇ ಪ್ರಾಂತದವರು ಹಲ್ಲು ಕಟ್ಟುವವರು, ಹಕ್ಕಾ ಜನ ಚರ್ಮ ಹದಮಾಡುವವರು, ಜೋಡು ಹೊಲಿಯುವವರು. ಚರ್ಮ ಮುಟ್ಟಲು ನಮ್ಮ ಮೇಲ್ಜಾತಿಗಳು ಹೇಸಿದುದೇ ಹಕ್ಕಾ ಜನಕ್ಕೆ ಅನ್ನದ ದಾರಿಯಾಯಿತೆಂಬುದನ್ನು ನಾವು ಸ್ವಲ್ಪ ನಾಚಿಕೆಯಿಂದಲೇ ನೆನೆಯಬೇಕು. ಅವರ ದೇವಾಲಯಗಳನ್ನು ಅಲ್ಲಿ ‘ಚರ್ಚ್’ ಎನ್ನುತ್ತಾರೆ, ಒಳಗೆ ಕ್ರಿಸ್ತನಿಲ್ಲ. 1905ರ ಸೀ ಇಪ್ ಚರ್ಚಿನ ಮಹಡಿಯಲ್ಲಿ ಕುಳಿತಿರುವವಳು ಕರುಣೆಯ ದೇವಿ ಕ್ವಾನ್ ಯಿನ್.

1962ರ ಯುದ್ಧ ಈ ಬಾಳನ್ನು ಸೀಳಿತು. ಅಸ್ಸಾಂ, ಉತ್ತರ ಬಂಗಾಳ ಮೊದಲಾದೆಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು, ಮುದುಕರು ಮಕ್ಕಳೆನ್ನದೆ, ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಒಯ್ದು ಕೂಡಿಟ್ಟರು. ಕೆಲವರಿಗೆ ಬಿಡುಗಡೆಯಾದದ್ದು ವರ್ಷಗಳ ತರುವಾಯ. ಅವರಲ್ಲಿ ಎಷ್ಟೋ ಮಂದಿ ಚೀನದ ನೆಲವನ್ನೇ ಕಂಡವರಲ್ಲ. ಕಲ್ಕತ್ತೆಯಲ್ಲಿ ಉಳಿದವರಿಗೂ ಅಪ್ಪಣೆಯಿಲ್ಲದೆ ಊರು ದಾಟುವಂತಿರಲಿಲ್ಲ. ನೆರೆಯವನು ಒಂದು ಬೆಳಗಿಗೆ ಶತ್ರುವಾಗಿಬಿಡುವ ಈ ಬಗೆ ನನಗೆ ಇಂದಿಗೂ ಅರ್ಥವಾಗಿಲ್ಲ. ಅನೇಕರು ಕೆನಡಾ ಮೊದಲಾದ ದೇಶಗಳಿಗೆ ಹೊರಟುಹೋದರು. ಮುಂದೆ 1996ರಲ್ಲಿ ಸುಪ್ರೀಂ ಕೋರ್ಟು ನದಿಯ ಮಾಲಿನ್ಯದ ಕಾರಣದಿಂದ ಚರ್ಮದ ಕಾರ್ಖಾನೆಗಳನ್ನು ನಗರದಾಚೆಗೆ ಸಾಗಿಸಲು ಆಜ್ಞೆಮಾಡಿತು. ಹಕ್ಕಾ ಜನರ ಇನ್ನೊಂದು ನೆಲೆಯಾದ ಟಾಂಗ್ರಾದಲ್ಲಿ ಚರ್ಮ ನೆನೆಹಾಕುತ್ತಿದ್ದ ಕಟ್ಟಡಗಳು ಹೋಟೆಲುಗಳಾದವು. ನಮ್ಮ ಚಿಂತಾಮಣಿಯ ಬೀದಿಯಲ್ಲಿ ಸಂಜೆ ಬೇಯುವ ಗೋಬಿ ಮಂಚೂರಿಗೂ ಕಲ್ಕತ್ತೆಯ ಚೀನೀ ಅಡಿಗೆಮನೆಗೂ ನಂಟುಂಟು ಎಂದರೆ ನಂಬುವವರು ಕಡಮೆ.

ಟಿರೆಟ್ಟಾ ಬಜಾರಿಗೆ ನಾನು ಹೋದದ್ದು ನಸುಕಿನಲ್ಲಿ. ರಸ್ತೆಯಂಚಿನಲ್ಲಿ ಹಬೆಯಾಡುವ ತಿಂಡಿ; ಕೊಳ್ಳುವವರಲ್ಲಿ ಬಂಗಾಳಿಗಳೇ ಹೆಚ್ಚು, ಮಾರುವ ಚೀನೀಯರು ಬೆರಳೆಣಿಕೆ. ಗಲ್ಲಿಯೊಂದರಲ್ಲಿ ವೃದ್ಧ ಬಡಗಿಯೊಬ್ಬರು ಕುರ್ಚಿಯ ಕಾಲನ್ನು ನಯಗೊಳಿಸುತ್ತಿದ್ದರು. ನನ್ನ ಹರಕು ಹಿಂದಿಗೆ ಅವರದು ನಿರರ್ಗಳವಾದ ಬಂಗಾಳಿ. ಶಿಡ್ಲಘಟ್ಟದ ಪಕ್ಕದವನು, ನಮ್ಮಲ್ಲಿ ರೇಷ್ಮೆ ಬೆಳೆಯುತ್ತಾರೆ ಎಂದೆ. ಚೀನದ ನೂಲು ಅಗ್ಗವಾಗಿ ಬಂದಾಗಲೆಲ್ಲ ಗೂಡಿನ ಬೆಲೆ ಕುಸಿದು, ‘ಚೀನಾ’ ಎಂಬುದು ನಮ್ಮ ಮಾರುಕಟ್ಟೆಯಲ್ಲಿ ಬೈಗುಳವಾಗಿದೆಯೆಂಬುದನ್ನು ಮಾತ್ರ ಹೇಳಲಿಲ್ಲ. ಅವರು ಕೈ ಒರೆಸಿಕೊಂಡು ನನ್ನ ರೇಷ್ಮೆ ಶಲ್ಯದ ಅಂಚನ್ನು ಹಿಡಿದು ನೋಡಿದರು. “ಇದು ನಿಮ್ಮೂರಿನ ನೂಲೋ, ಚೀನದ್ದೋ?” ಎಂದರು. ಹಾಸಿಗೆ ಚೀನದ ನೂಲು, ಹೊಕ್ಕಿಗೆ ನಮ್ಮದು ಹಾಕಿ ನೇಯುವುದುಂಟು. ಶಲ್ಯ ಯಾವ ಬಗೆಯದೆಂದು ನಾನು ಅಂಗಡಿಯವನನ್ನು ಕೇಳಿಯೇ ಇರಲಿಲ್ಲ. ಗೊತ್ತಿಲ್ಲವೆಂದೆ. ಅವರು ನಕ್ಕು ಮತ್ತೆ ಉಳಿ ಎತ್ತಿಕೊಂಡರು.